ರಫಿ ಹಾಡಿಗೆ ಒಂಬತ್ತು ಕುರ್ಚಿ

ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ಇದು ನನಗೆ ಸರಿಯಾಗಿ ತಿಳಿದದ್ದು 2024ರ ಜುಲೈ 31ರ ರಾತ್ರಿ.

ಅವತ್ತು ಹಿಂದಿ ಸಿನಿಮಾ ಗಾಯಕ ಮೊಹಮ್ಮದ್ ರಫಿ ಅವರ ಪುಣ್ಯತಿಥಿ. ಕಲಬುರಗಿಯ ಒಂದು ಫಂಕ್ಷನ್ ಹಾಲ್‌ನಲ್ಲಿ ಅವರ ನೆನಪಿಗೆ ಹಾಡಿನ ಕಾರ್ಯಕ್ರಮ ಇತ್ತು. ಎರಡು ಸ್ಪೀಕರ್, ಒಂದು ಲ್ಯಾಪ್‌ಟಾಪ್, ಒಂದು ಮೈಕ್. ಲ್ಯಾಪ್‌ಟಾಪಿನಿಂದ ಕರಾವೋಕೆ ಟ್ರ್ಯಾಕ್, ಅಂದರೆ ಹಾಡುವ ದನಿ ಇಲ್ಲದ ಬರೀ ವಾದ್ಯದ ರೆಕಾರ್ಡು, ಬರುತ್ತಿತ್ತು. ಒಬ್ಬೊಬ್ಬರಾಗಿ ಹೋಗಿ ಹಾಡಿ ಬರುತ್ತಿದ್ದರು. ನಮ್ಮ ಓಣಿಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವ ಚಾಚಾ ಕೂಡ ಹೆಸರು ಕೊಟ್ಟಿದ್ದರು. ಅವರಿಗೆ 68 ವರ್ಷ. ಮೊದಲ ಚರಣ ಎಷ್ಟು ಚೆನ್ನಾಗಿ ಬಂತು ಅಂದರೆ ಹಿಂದಿನ ಸಾಲಿನಲ್ಲಿ ಮಾತಾಡುತ್ತಿದ್ದವರೂ ಸುಮ್ಮನಾದರು. ಎರಡನೇ ಚರಣ ಹಿಡಿಯುವ ಹೊತ್ತಿಗೆ ಅವರಿಗೆ ಕೆಮ್ಮು ಬಂತು. ಒಂದೇ ಒಂದು ಕೆಮ್ಮು. ಅಷ್ಟರಲ್ಲಿ ಸಂಗೀತ ಮುಂದೆ ಹೋಗಿಬಿಟ್ಟಿತ್ತು. ನಾಲ್ಕು ಸಾಲು ಖಾಲಿ ಹೋಯಿತು. ಚಾಚಾ ಮೈಕ್ ಹಿಡಿದು, ಎಲ್ಲಿಂದ ಸೇರಿಕೊಳ್ಳಬೇಕು ಅಂತ ತಿಳಿಯದೆ, ಲ್ಯಾಪ್‌ಟಾಪಿನ ಕಡೆ ನೋಡುತ್ತಾ ನಿಂತಿದ್ದರು.

ತಬಲಾದವನೊಬ್ಬ ಪಕ್ಕದಲ್ಲಿ ಇದ್ದಿದ್ದರೆ ಇನ್ನೊಂದು ಸುತ್ತು ನುಡಿಸುತ್ತಿದ್ದ. ಅಷ್ಟೇ ಸಾಕಿತ್ತು.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕೀಬೋರ್ಡ್ ನುಡಿಸುತ್ತೇನೆ. ಮದುವೆಗೆ ಮೊದಲು ಎರಡು ವರ್ಷ ಒಂದು ಆರ್ಕೆಸ್ಟ್ರಾದಲ್ಲಿ ನುಡಿಸಿದ್ದೆ. ಆಮೇಲೆ ಶಾಲೆಯ ವಾರ್ಷಿಕೋತ್ಸವಕ್ಕೆ ಮಾತ್ರ. ಅವತ್ತು ರಾತ್ರಿ ಮನೆಗೆ ಬಂದು ಲೆಕ್ಕ ಹಾಕಿದೆ. ರಫಿ ಹುಟ್ಟಿದ್ದು 1924ರ ಡಿಸೆಂಬರ್ 24. ಅಂದರೆ ಇನ್ನು ಐದು ತಿಂಗಳಿಗೆ ಸರಿಯಾಗಿ ನೂರು ವರ್ಷ. ಆ ದಿನ ಟ್ರ್ಯಾಕ್ ಇಲ್ಲದೆ, ಪೂರ್ತಿ ವಾದ್ಯ ಇಟ್ಟುಕೊಂಡು, ರೆಕಾರ್ಡಿನಲ್ಲಿ ಇದ್ದ ಹಾಗೇ ಅವರ ಹಾಡು ನುಡಿಸಬೇಕು ಅನ್ನಿಸಿತು. ಬೆಳಿಗ್ಗೆ ಚಾಚಾ ಅಂಗಡಿಗೆ ಹೋಗಿ ಹೇಳಿದೆ.

"ಬೇಟಿ, ಪೇಟಿ-ತಬಲಾ ಆದ್ರ ಸಿಗ್ತಾವ. ವಯೊಲಿನ್ ಎಲ್ಲಿಂದ ತರ್ತಿ? ಸ್ಯಾಕ್ಸೊಫೋನ್ ಎಲ್ಲಿ ಅದ ನಮ್ಮೂರಾಗ?" ಅಂದರು. ಆದರೆ ಹೇಳುವಾಗಲೇ ಅಂಗಡಿಯ ಹುಡುಗನಿಗೆ ಎರಡು ಚಾ ತರಲು ಕೈಸನ್ನೆ ಮಾಡಿದ್ದರು. ಹೂಂ ಅಂದ ಹಾಗೇ ಅದು.

ನಮ್ಮೂರಿಗೆ ರಫಿ ಹುಚ್ಚು ಯಾಕೆ ಅಂತ ಹೊರಗಿನವರು ಕೇಳುತ್ತಾರೆ. 1948ರವರೆಗೆ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಇದ್ದವರು. ನಮ್ಮ ಅಜ್ಜಂದಿರ ಕಾಲದವರು, ಲಿಂಗಾಯತರಿರಲಿ ಬ್ರಾಹ್ಮಣರಿರಲಿ, ಶಾಲೆಯಲ್ಲಿ ಓದಿದ್ದು ಉರ್ದು. ಆ ಹಾಡುಗಳ ಮಾತು ಅವರಿಗೆ ಬೇರೆ ಊರಿನ ಮಾತಲ್ಲ. ಮೇಲೆ ರೇಡಿಯೋ ಸಿಲೋನ್. 1952ರಿಂದ ಅಲ್ಲಿ ಅಮೀನ್ ಸಯಾನಿ ನಡೆಸುತ್ತಿದ್ದ ಹಿಂದಿ ಸಿನಿಮಾ ಹಾಡಿನ ಕಾರ್ಯಕ್ರಮ ಗೀತಮಾಲಾಕ್ಕೆ ಬುಧವಾರ ರಾತ್ರಿ ಓಣಿ ಓಣಿಯೇ ಕಿವಿ ಕೊಡುತ್ತಿತ್ತಂತೆ. ಶರಣಬಸವೇಶ್ವರ ಜಾತ್ರೆಗೆ ಹೋದವರೇ ಬಂದೇನವಾಜ್ ಉರುಸಿಗೂ ಹೋಗುವ ಊರು ಇದು. ರಫಿ ಇಲ್ಲಿ ಎಲ್ಲರ ಮನೆಯವರು.

ಮಂದಿ ಕೂಡಿಸುವುದಕ್ಕೇ ಆಗಸ್ಟ್ ಪೂರ್ತಿ ಹೋಯಿತು. ತಬಲಾಕ್ಕೆ ಬ್ರಹ್ಮಪುರದ ಭಜನಾ ಮಂಡಳಿಯ ಅಣ್ಣ ಬಂದರು. ಅವರ ತಮ್ಮನೇ ಢೋಲಕ್. ಕೊಳಲಿಗೆ ಶಹಾಬಾದಿನ ಒಬ್ಬ ರೈಲ್ವೆ ನೌಕರ. ವಯೊಲಿನ್‌ಗೆ ಸಂಗೀತ ಕಲಿಯುತ್ತಿದ್ದ ಅಕ್ಕ ತಂಗಿ. ಗಿಟಾರಿಗೆ ಚರ್ಚಿನಲ್ಲಿ ನುಡಿಸುವ ಹುಡುಗ. ಸಣ್ಣಪುಟ್ಟ ತಾಳವಾದ್ಯಕ್ಕೆ ನನ್ನ ಅಕ್ಕನ ಮಗ, ಇಂಜಿನಿಯರಿಂಗ್ ಓದುವವನು. ಜೋಡಿ ಹಾಡಿಗೆ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಹುಡುಗಿ. ಅವಳಿಗೆ ನೈಟ್ ಡ್ಯೂಟಿ ಇದ್ದ ವಾರ ನಮಗೆ ಜೋಡಿ ಹಾಡು ಇಲ್ಲ.

ಸ್ಯಾಕ್ಸೊಫೋನ್ ಸಿಕ್ಕಿದ್ದು ಮದುವೆ ಬ್ಯಾಂಡಿನಲ್ಲಿ. ಆಳಂದ ರಸ್ತೆಯಲ್ಲಿ ಒಂದು ಮೆರವಣಿಗೆ ಬರುತ್ತಿತ್ತು. ಹಿಂದಿನ ಸಾಲಿನಲ್ಲಿ ಒಬ್ಬರು ಕ್ಲಾರಿಯೊನೆಟ್ ಊದುತ್ತಿದ್ದರು. ಸುತ್ತ ಪಟಾಕಿ, ಟ್ರಾಫಿಕ್ ಹಾರ್ನ್, ಡ್ರಮ್ಮು. ಅದರ ನಡುವೆಯೂ ಅವರ ಸ್ವರ ಒಂದು ಕೂದಲೆಳೆ ಆಚೀಚೆ ಆಗಲಿಲ್ಲ. ಸ್ಕೂಟಿ ನಿಲ್ಲಿಸಿ, ಮೆರವಣಿಗೆ ಮುಗಿಯುವವರೆಗೆ ಹಿಂದೆಯೇ ನಡೆದೆ. "ಸ್ಯಾಕ್ಸೊಫೋನ್ ಬರ್ತದೇನ್ರಿ?" ಅಂತ ಕೇಳಿದೆ. "ಬರ್ತದ ಅಕ್ಕೋರೆ. ನಮ್ಮಪ್ಪನ್ದು ಮನ್ಯಾಗ ಅದ. ಆದ್ರ ಯಾರೂ ಕೇಳಂಗಿಲ್ಲ" ಅಂದರು.

ಮೊದಲ ತಾಲೀಮಿನ ದಿನ ಅವರು ಬಾಗಿಲ ಹತ್ತಿರವೇ ನಿಂತಿದ್ದರು. ಸೂಪರ್ ಮಾರ್ಕೆಟ್ ಹತ್ತಿರ ಒಂದು ಟ್ಯೂಷನ್ ಕ್ಲಾಸಿನ ಮಹಡಿ ನಮಗೆ ಭಾನುವಾರ ಮಾತ್ರ ಸಿಕ್ಕಿತ್ತು. ಒಂಬತ್ತು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದೆವು. ಹಾಡುವವರು ನಿಲ್ಲುತ್ತಾರೆ, ನುಡಿಸುವವರು ಕೂರುತ್ತಾರೆ. ಕೂತುಕೊಳ್ಳಿ ಅಂದರೆ ಅವರು ಕೂರಲಿಲ್ಲ. ಸಂಕೋಚ ಅಂದುಕೊಂಡೆ. ಆಮೇಲೆ ಹೇಳಿದರು, "ಮೂವತ್ತು ವರ್ಷ ಆತು ಊದ್ಲತ್ತು. ಕುಂತು ಊದಿಲ್ರಿ ನಾ ಎಂದೂ. ನಡಕೋತೇ ಊದೀನಿ. ಕುಂತ್ರ ಉಸುರು ಎಲ್ಲಿಂದ ಬರ್ತದ ಅಂತ ಗೊತ್ತಾಗವಲ್ದು." ಎರಡು ವಾರ ನಿಂತೇ ನುಡಿಸಿದರು. ಮೂರನೇ ವಾರ ಕುರ್ಚಿಯ ಅಂಚಿಗೆ ಬಂದು ಕೂತರು. ಅವರ ಕುರ್ಚಿಯನ್ನು ನಾವು ಯಾರೂ ತೆಗೆದಿರಲಿಲ್ಲ.

ಇನ್ನು ಹಾಡಿನ ಆಯ್ಕೆ. ಜಗಳವಾಗದ ಒಂದು ಹಾಡೂ ಇಲ್ಲ. ಕೊನೆಗೆ ಒಂದು ನಿಯಮ ಮಾಡಿಕೊಂಡೆವು. ಹಾಡು ಎಷ್ಟು ದೊಡ್ಡದು ಅಂತ ನೋಡುವುದು ಬೇಡ, ಅದರ ಸಂಗೀತ ನಮ್ಮ ಒಂಬತ್ತು ಜನರಿಂದ ಆಗುತ್ತದಾ ಅಂತ ನೋಡೋಣ. ಸಂಗೀತ ನಿರ್ದೇಶಕರ ಜೋಡಿ ಶಂಕರ್-ಜೈಕಿಶನ್ ಅವರ ಹಾಡಿನಲ್ಲಿ ವಯೊಲಿನ್‌ಗಳ ದೊಡ್ಡ ಪಡೆಯೇ ಇರುತ್ತದೆ. ನಮ್ಮಲ್ಲಿ ಇರುವುದು ಎರಡು. ಉಳಿದದ್ದನ್ನು ನನ್ನ ಕೀಬೋರ್ಡ್ ತುಂಬಬೇಕು. ಹಾಗಾಗಿ ಅವರ ಒಂದೇ ಹಾಡು ಇಟ್ಟುಕೊಂಡೆವು. ಅದೂ ಬ್ಯಾಂಡಿನ ಅಣ್ಣನ ಸಲುವಾಗಿ. 1966ರ 'ಸೂರಜ್' ಚಿತ್ರದ 'ಬಹಾರೋ ಫೂಲ್ ಬರ್ಸಾವೋ'. ಅವರು ಅದನ್ನು ಎಷ್ಟು ಮದುವೆಯಲ್ಲಿ ಊದಿದ್ದಾರೋ ಲೆಕ್ಕವಿಲ್ಲ. ಆದರೆ ಮೂಲ ರೆಕಾರ್ಡನ್ನು ಪೂರ್ತಿಯಾಗಿ, ಇಯರ್‌ಫೋನ್ ಹಾಕಿಕೊಂಡು ಕೇಳಿದ್ದು ನಮ್ಮ ತಾಲೀಮಿನಲ್ಲೇ ಮೊದಲು. ಹಾಡು ಮುಗಿದ ಮೇಲೆ ಇಯರ್‌ಫೋನ್ ತೆಗೆಯದೆ ಇನ್ನೊಮ್ಮೆ ಹಾಕಿ ಅಂತ ಬೆರಳು ತೋರಿಸಿದರು.

ಶುರುವಿನ ಹಾಡು 'ಬೈಜು ಬಾವ್ರಾ' ಚಿತ್ರದ 'ಮನ್ ತಡಪತ್ ಹರಿ ದರ್ಶನ್ ಕೋ ಆಜ್' ಅಂತ ಎಲ್ಲರೂ ಒಪ್ಪಿದರು. 1952ರದು, ಮಾಲಕೌಂಸ್ ರಾಗ. ಬರೆದವರು ಶಕೀಲ್ ಬದಾಯೂನಿ, ಸಂಗೀತ ನೌಷಾದ್, ಹಾಡಿದವರು ರಫಿ. ಹರಿಯ ಭಜನೆಗೆ ಮೂವರು ಮುಸ್ಲಿಮರು ಕೂಡಿದ ಈ ಕಥೆ ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು.

ಕನ್ನಡದ್ದೂ ಒಂದು ಬೇಕು ಅಂತ ನಾನು ಹಠ ಹಿಡಿದೆ. ರಫಿ ಕನ್ನಡದಲ್ಲಿ ಹಾಡಿದ್ದಾರಾ ಅಂತ ತಬಲಾ ಅಣ್ಣನೇ ಕೇಳಿದರು. ಹಾಡಿದ್ದಾರೆ. 1967ರ 'ಒಂದೇ ಬಳ್ಳಿಯ ಹೂಗಳು' ಚಿತ್ರದ 'ನೀನೆಲ್ಲಿ ನಡೆವೆ ದೂರ'. ಸಂಗೀತ ಸತ್ಯಂ. ಆ ಹಾಡಿನಲ್ಲಿ ಅವರ ಕನ್ನಡದ ಉಚ್ಚಾರ ಕೇಳಿ. ಒಂದೊಂದು ಅಕ್ಷರವನ್ನೂ ಗಾಜಿನ ಲೋಟ ಎತ್ತಿಡುವ ಹಾಗೆ ಎತ್ತಿಡುತ್ತಾರೆ. ತಮ್ಮದಲ್ಲದ ಭಾಷೆಯ ಮೇಲೆ ಅಷ್ಟು ಮರ್ಯಾದೆ.

ಆಮೇಲೆ ಶುರುವಾಯಿತು ನಿಜವಾದ ಕೆಲಸ, ಹಾಡು ಬಿಚ್ಚುವುದು. ಅರ್ಧಕ್ಕೆ ಅರ್ಧ ಜನರಿಗೆ ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಯ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಪದ್ಧತಿ, ಬರುವುದಿಲ್ಲ. ಸ-ರಿ-ಗ-ಮ ಎಲ್ಲರಿಗೂ ಬರುತ್ತದೆ. ಆದರೆ ಯಾವ ವಾದ್ಯ ಎಲ್ಲಿ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಬರೆಯುವುದು ಹೇಗೆ? ಶಾಲೆಯ ಮಕ್ಕಳ ಗಣಿತದ ಚೌಕುಳಿ ನೋಟ್‌ಬುಕ್ ತಂದೆ. ಒಂದು ಚೌಕ ಅಂದರೆ ಒಂದು ಮಾತ್ರೆ. ಎಂಟು ಚೌಕಕ್ಕೆ ಒಂದು ಸಾಲು, ಕೆಹರ್ವಾ ತಾಳದ ಒಂದು ಸುತ್ತು. ಕೊಳಲು ನೀಲಿ ಪೆನ್ನು, ವಯೊಲಿನ್ ಕೆಂಪು, ಸ್ಯಾಕ್ಸೊಫೋನ್ ಹಸಿರು. ಒಂದು ಹಾಡು ಬರೆಯಲು ನಾಲ್ಕೈದು ರಾತ್ರಿ ಬೇಕಾಯಿತು. ಫೋನಿನಲ್ಲಿ ವೇಗ ಕಡಿಮೆ ಮಾಡಿ ಹತ್ತು ಸೆಕೆಂಡಿನ ತುಂಡನ್ನು ಐವತ್ತು ಸಲ ಕೇಳುವುದು, ಬರೆಯುವುದು, ಮತ್ತೆ ಕೇಳುವುದು. ಎಷ್ಟೋ ಹಳೇ ರೆಕಾರ್ಡಿನ ಶ್ರುತಿ ಕೀಬೋರ್ಡಿನ ಯಾವ ಮನೆಗೂ ಕೂರುವುದಿಲ್ಲ. ಬಿಳಿ ಮನೆಗೂ ಕಪ್ಪು ಮನೆಗೂ ನಡುವೆ ಎಲ್ಲೋ ಇರುತ್ತದೆ.

ಹಾಗೆ ಕೇಳುತ್ತಾ ಕೇಳುತ್ತಾ ಒಂದು ವಿಚಿತ್ರ ಆಯಿತು. ನಲವತ್ತು ವರ್ಷ ಕೇಳಿದ ಹಾಡುಗಳಲ್ಲಿ ನನಗೆ ಗೊತ್ತೇ ಇರದಿದ್ದ ಮನುಷ್ಯರು ಸಿಗತೊಡಗಿದರು. ರಫಿಯ ದನಿಯ ಹಿಂದೆ, ಎರಡು ಸಾಲಿನ ಸಂದಿಯಲ್ಲಿ, ಯಾರೋ ಮೂರೇ ಸ್ವರ ನುಡಿಸಿ ಸುಮ್ಮನಾಗುತ್ತಾರೆ. ಆ ಮೂರು ಸ್ವರ ತೆಗೆದರೆ ಹಾಡು ಬಡವಾಗುತ್ತದೆ. ಅವರ ಹೆಸರೇನು? ರೆಕಾರ್ಡಿನ ಮೇಲೆ ಇಲ್ಲ. ಸಿನಿಮಾದಲ್ಲೂ ಇಲ್ಲ. ಕೆಲವರ ಹೆಸರು ಮಾತ್ರ ತಡವಾಗಿ ಹೊರಗೆ ಬಂತು. ಗೋವಾದ ಸೆಬಾಸ್ಟಿಯನ್ ಡಿಸೋಜಾ ಶಂಕರ್-ಜೈಕಿಶನ್ ಅವರಿಗೂ ಇನ್ನೊಬ್ಬ ಸಂಗೀತ ನಿರ್ದೇಶಕ ಓ.ಪಿ. ನಯ್ಯರ್ ಅವರಿಗೂ ವಾದ್ಯಸಂಯೋಜನೆ ಮಾಡುತ್ತಿದ್ದರು. ಯಾವ ವಾದ್ಯ ಎಲ್ಲಿ ಏನು ನುಡಿಸಬೇಕು ಅಂತ ಬರೆದು ಕೊಡುತ್ತಿದ್ದವರು ಅಂಥವರು. 1964ರ 'ಕಾಶ್ಮೀರ್ ಕೀ ಕಲೀ' ಚಿತ್ರದ 'ಹೈ ದುನಿಯಾ ಉಸೀ ಕೀ' ಹಾಡಿನಲ್ಲಿ ರಫಿಯ ಜೊತೆ ಅಳುವ ಸ್ಯಾಕ್ಸೊಫೋನ್ ಮನೋಹಾರಿ ಸಿಂಗ್ ಅವರದು. ಆ ಹಾಡು ನಮ್ಮ ಪಟ್ಟಿಗೆ ಬಂದಾಗ ಬ್ಯಾಂಡಿನ ಅಣ್ಣ ನುಡಿಸಿದವರ ಹೆಸರು ಕೇಳಿದರು. ಹೇಳಿದೆ. ತಮ್ಮ ಚೌಕುಳಿ ಹಾಳೆಯ ಮೇಲ್ಭಾಗದಲ್ಲಿ ದೊಡ್ಡ ಅಕ್ಷರದಲ್ಲಿ 'ಮನೋಹಾರಿ ಸಾಬ್' ಅಂತ ಬರೆದುಕೊಂಡರು.

ಶಾಲೆಯಲ್ಲಿ ಒಬ್ಬ ಸಹೋದ್ಯೋಗಿ ಕೇಳಿದರು. "ಅಲ್ರಿ ಮೇಡಂ, ಖುದ್ದ್ ರಫಿ ಸಾಬ್ರ ದನಿನೇ ಫೋನ್‌ನಾಗ ಸಿಗ್ತದ. ಅವರಕಿಂತ ಚೊಲೋ ಯಾರೂ ಹಾಡಂಗಿಲ್ಲ. ಮತ್ಯಾಕ ನೀವು ಇಷ್ಟು ಒದ್ದಾಡ್ಲತ್ತೀರಿ?" ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಆ ಹೊತ್ತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಅಕ್ಕನ ಮಗನಿಂದ. ಅವನು ಬೀಟಲ್ಸ್ ಎಂಬ ಇಂಗ್ಲೆಂಡಿನ ಹಳೇ ತಂಡದ ಹಾಡು ಕೇಳುವವನು. ಒಂದು ದಿನ ನೆದರ್‌ಲ್ಯಾಂಡ್ಸ್‌ನ ದಿ ಅನಲಾಗ್ಸ್ ಎಂಬ ತಂಡದ ವಿಡಿಯೋ ತೋರಿಸಿದ. ಬೀಟಲ್ಸ್ 1966ರ ಆಗಸ್ಟಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಡಿದ್ದೇ ಅವರ ಕೊನೆಯ ಟಿಕೆಟ್ ಕಾರ್ಯಕ್ರಮ. ಆಮೇಲೆ ಸ್ಟುಡಿಯೋದಲ್ಲಿ ಕೂತು ಮಾಡಿದ ಹಾಡುಗಳನ್ನು ಹೆಚ್ಚುಕಡಿಮೆ ಅವರು ವೇದಿಕೆ ಮೇಲೆ ನುಡಿಸಲೇ ಇಲ್ಲ. ಈ ಡಚ್ ತಂಡದವರು ಆ ಕಾಲದ ವಾದ್ಯಗಳನ್ನೇ ಹುಡುಕಿ ತಂದು, ಆ ಹಾಡುಗಳನ್ನು ಸ್ವರಕ್ಕೆ ಸ್ವರ ವೇದಿಕೆಯಲ್ಲಿ ನುಡಿಸಿದ್ದಾರೆ. ಅವರು ಬೀಟಲ್ಸ್ ಥರ ವೇಷ ಹಾಕಿಲ್ಲ, ಕೂದಲೂ ಬಿಟ್ಟಿಲ್ಲ. ವೇಷ ಹಾಕುವ ತಂಡಗಳೂ ಬಹಳ ಇವೆ. ಬೂಟ್‌ಲೆಗ್ ಬೀಟಲ್ಸ್ ಅಂತ ಒಂದು ತಂಡ 1980ರಿಂದ ಇದೆ. ಆದರೆ ನನ್ನ ಮನಸ್ಸಿಗೆ ಹಿಡಿಸಿದ್ದು ಈ ಡಚ್ಚರು.

ವಿಡಿಯೋ ನೋಡುವಾಗ ತಟ್ಟನೆ ಹೊಳೆಯಿತು. ನಮ್ಮ ಸಿನಿಮಾ ಹಾಡಿನ ಕಥೆಯೂ ಇದೇ ಅಲ್ವಾ? ಹಾಡನ್ನು ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದರು. ಅಷ್ಟೂ ವಾದ್ಯದವರು ಸಂಜೆ ಪೆಟ್ಟಿಗೆ ಮುಚ್ಚಿ ಮನೆಗೆ ಹೋದರು. ಮರುದಿನ ಬೇರೆ ಹಾಡು, ಬೇರೆ ಸಿನಿಮಾ. ಆ ಹಾಡನ್ನು ಅದೇ ಮಂದಿ ಮತ್ತೆ ಕೂಡಿ ನುಡಿಸುವ ಪ್ರಸಂಗವೇ ಬರುತ್ತಿರಲಿಲ್ಲ. ನಟ ಪರದೆಯ ಮೇಲೆ ತುಟಿ ಆಡಿಸಿದ. ಅಂದರೆ ನಾವು ಇಷ್ಟು ಪ್ರೀತಿಸುವ ಹಾಡನ್ನು ತಮ್ಮ ಕಣ್ಣೆದುರು ಯಾರೋ ನುಡಿಸಿ ಹಾಡಿದ್ದನ್ನು ನೋಡಿದವರು ಎಷ್ಟು ಜನ? ಜಾತ್ರೆಯ ರಸಮಂಜರಿ, ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ, ಮದುವೆ ಬ್ಯಾಂಡು, ಇವರು ನುಡಿಸಿದ್ದರಿಂದಲೇ ಆ ಹಾಡು ಊರಿನ ಗಾಳಿಯಲ್ಲಿ ಓಡಾಡಿತು. ಇದನ್ನು ನಕಲು ಅನ್ನಲು ನನಗೆ ಮನಸ್ಸಿಲ್ಲ. ನಾಟಕದ ಪುಸ್ತಕ ಕಪಾಟಿನಲ್ಲಿ ಇದ್ದರೆ ಸಾಲದು, ಯಾರಾದರೂ ಬಣ್ಣ ಹಚ್ಚಿ ಆಡಬೇಕು. ಹಾಡೂ ಹಾಗೆಯೇ. ಜೂನಿಯರ್ ರಾಜ್‌ಕುಮಾರ್, ಜೂನಿಯರ್ ವಿಷ್ಣುವರ್ಧನ್ ಜಾತ್ರೆಗೆ ಬಂದರೆ ಶಿಳ್ಳೆ ಹೊಡೆಯುವ ಮಂದಿಗೆ ಅವರು ಅಣ್ಣಾವ್ರಲ್ಲ, ದಾದಾ ಅಲ್ಲ ಅಂತ ಗೊತ್ತಿಲ್ಲವೇ? ಗೊತ್ತಿದ್ದೇ ಶಿಳ್ಳೆ ಹೊಡೆಯುತ್ತಾರೆ. ತಾವು ಪ್ರೀತಿಸಿದವರನ್ನು ನೆನೆಯಲು ಎಲ್ಲರೂ ಒಂದು ಕಡೆ ಕೂಡಬೇಕು. ಕೂಡಲು ಒಂದು ನೆಪ ಬೇಕು. ವೇದಿಕೆ ಮೇಲೆ ನಿಂತವನು ಆ ನೆಪ ಆಗುತ್ತಾನೆ. ಅದು ಸಣ್ಣ ಕೆಲಸ ಅಲ್ಲ.

ಹಾಡುವವರ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಗಟ್ಟಿ ಭೇದ ಬಂತು. ಮೊಬೈಲ್ ಅಂಗಡಿಯ 24ರ ಹುಡುಗನೊಬ್ಬ ಸಿಕ್ಕಿದ್ದ. ಕಣ್ಣು ಮುಚ್ಚಿ ಕೇಳಿದರೆ ರಫಿಯೇ. ರೆಕಾರ್ಡಿನಲ್ಲಿ ರಫಿ ಉಸಿರು ಎಳೆದುಕೊಳ್ಳುವ ಸದ್ದು ಎಲ್ಲಿ ಇದೆಯೋ ಅಲ್ಲೇ ಅವನೂ ಉಸಿರು ಎಳೆಯುತ್ತಾನೆ. ಚಾಚಾ ದನಿ ರಫಿಯ ಹಾಗೆ ಇಲ್ಲವೇ ಇಲ್ಲ. ಸ್ವಲ್ಪ ಒರಟು, ಮೇಲಿನ ಸ್ಥಾಯಿಯಲ್ಲಿ ನಡುಗುತ್ತದೆ. ಆದರೆ ಮಾತಿನ ಅರ್ಥ ಅವರ ಬಾಯಲ್ಲಿ ಬೇರೆಯೇ ಆಗಿ ಕೇಳುತ್ತದೆ. ಕೆಲವರು ಹುಡುಗನೇ ಎಲ್ಲಾ ಹಾಡಲಿ ಅಂದರು. ಮೊದಲಿಗೆ ನನಗೂ ಹಾಗೇ ಅನ್ನಿಸಿತ್ತು. ಶಬ್ಬೀರ್ ಕುಮಾರ್, ಸೋನು ನಿಗಮ್ ಅಂಥವರೂ ಮೊದಮೊದಲು ವೇದಿಕೆ ಮೇಲೆ ರಫಿಯ ಹಾಡು ಹಾಡಿಯೇ ಮುಂದೆ ಬಂದವರು. ಅನುಕರಣೆಯೂ ಒಂದು ಪಾಠಶಾಲೆ.

ಆಗ ಹುಡುಗನೇ ಒಂದು ಮಾತು ಹೇಳಿದ. "ಚಾಚಾ ಹಾಡಿದ್ರ ನನಗ ಹಾಡು ತಿಳಿತದ ಮೇಡಂ. ನಾ ಹಾಡಿದ್ರ ಮಂದಿಗೆ ರಫಿ ತಿಳೀತಾರ. ಎರಡೂ ಬೇಕಲ್ರಿ?" ಕುಣಿತದ ಹಾಡು ಅವನಿಗೆ, ನಿಧಾನದ ಹಾಡು ಚಾಚಾಗೆ. ಅಲ್ಲಿಗೆ ಮುಗಿಯಿತು.

ಕಾಗದಪತ್ರದ ಕೆಲಸ ಬೇಗ ಹೇಳಿಬಿಡುತ್ತೇನೆ. ಬೇರೆಯವರ ಹಾಡನ್ನು ಸಾರ್ವಜನಿಕವಾಗಿ ನುಡಿಸಬೇಕಾದರೆ ಅದರ ಸಾಹಿತ್ಯ-ಸಂಗೀತದ ಹಕ್ಕಿಗಾಗಿ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಸಂಸ್ಥೆಯಿಂದ ಲೈಸೆನ್ಸ್ ತೆಗೆದುಕೊಳ್ಳಬೇಕು. ಧ್ವನಿವರ್ಧಕಕ್ಕೆ ಮುಂಚಿತವಾಗಿ ಪೊಲೀಸ್ ಅನುಮತಿ ಬೇಕು, ರಾತ್ರಿ 10ರ ಮೇಲೆ ಹೊರಗೆ ಕೇಳುವ ಹಾಗೆ ಹಾಕುವಂತಿಲ್ಲ. ಟಿಕೆಟ್ ಇಟ್ಟಿರಲಿಲ್ಲ, ಆದರೂ ಲೈಸೆನ್ಸ್ ಹಣ ಕಟ್ಟಿದೆವು. ಆ ಹಣ ಉಳಿಸಬಹುದಿತ್ತು ಅಂತ ಒಬ್ಬರು ಅಂದರು. ನಾನು ಒಪ್ಪಲಿಲ್ಲ. ಅರವತ್ತರ ದಶಕದಲ್ಲಿ ರಾಯಲ್ಟಿ ವಿಷಯಕ್ಕೆ ಗಾಯಕಿ ಲತಾ ಮಂಗೇಶ್ಕರ್ ಮತ್ತು ರಫಿ ನಡುವೆ ಮುನಿಸು ಬಂದು ಕೆಲವು ವರ್ಷ ಜೊತೆಗೆ ಹಾಡಲಿಲ್ಲ. ಹಾಡಿದವರಿಗೆ ಮುಂದೆಯೂ ಪಾಲು ಬರಬೇಕು ಅಂತ ಲತಾ. ಒಮ್ಮೆ ಸಂಭಾವನೆ ತೆಗೆದುಕೊಂಡ ಮೇಲೆ ಮುಗಿಯಿತು ಅಂತ ರಫಿ. ರಫಿ ದೊಡ್ಡ ಮನಸ್ಸಿನವರು, ನಿಜ. ಆದರೆ ಈ ವಿಷಯದಲ್ಲಿ ನಾನು ಲತಾ ಪಕ್ಷ. ಹಾಡು ಮಾಡಿದವರಿಗೆ, ಅವರ ಮನೆಯವರಿಗೆ ಅವರ ಪಾಲು ಸೇರಬೇಕು. ಅದನ್ನು ಕೊಡದೆ ಹೂಮಾಲೆ ಹಾಕಿದರೆ ಏನು ಬಂತು?

ದಸರಾ ರಜೆಯಲ್ಲಿ ದಿನಾ ತಾಲೀಮು ಮಾಡಿದೆವು. ಮಳೆಗಾಲದ ತಂಪಿಗೆ ತಬಲಾದ ಚರ್ಮ ಇಳಿದು, ಸುತ್ತಿಗೆ ಹಿಡಿದೇ ಕೂರಬೇಕಾಗಿತ್ತು. ನವೆಂಬರ್ ಬಂತು, ಮದುವೆ ಸೀಸನ್ ಶುರುವಾಯಿತು, ಬ್ಯಾಂಡಿನ ಅಣ್ಣ ಕಾಣಲೇ ಇಲ್ಲ. ಹೊಟ್ಟೆಪಾಡು ಅದು, ಬನ್ನಿ ಅಂತ ಹೇಳುವ ಹಾಗಿಲ್ಲ. ಮೂರು ಭಾನುವಾರ ಅವರ ಭಾಗ ಬಂದಾಗ ನಾವು ನಿಂತು, ಎಂಟು ಚೌಕ ಎಣಿಸಿ ಮುಂದೆ ಹೋಗುತ್ತಿದ್ದೆವು. ನಾಲ್ಕನೇ ಭಾನುವಾರ ಮೆರವಣಿಗೆ ಮುಗಿಸಿ, ಬ್ಯಾಂಡಿನ ಕೆಂಪು ಕೋಟಿನಲ್ಲೇ ಮಹಡಿ ಹತ್ತಿ ಬಂದರು. ಅವರ ಭಾಗ ಅವರಿಗೆ ಬಾಯಿಪಾಠ ಆಗಿತ್ತು. ಮೆರವಣಿಗೆಯಲ್ಲಿ ಹಾಡಿಗೂ ಹಾಡಿಗೂ ನಡುವೆ ಮನಸ್ಸಿನಲ್ಲೇ ನುಡಿಸಿಕೊಳ್ಳುತ್ತಿದ್ದರಂತೆ.

1957ರ 'ನಯಾ ದೌರ್' ಚಿತ್ರದ ಟಾಂಗಾ ಹಾಡು 'ಮಾಂಗ್ ಕೆ ಸಾಥ್ ತುಮ್ಹಾರಾ' ನಮಗೆ ಎಲ್ಲಕ್ಕಿಂತ ಜಾಸ್ತಿ ಸತಾಯಿಸಿತು. ಓ.ಪಿ. ನಯ್ಯರ್ ಅವರ ಸಂಗೀತ, ಕುದುರೆ ಹೆಜ್ಜೆಯ ತಾಳ. ಹಾಡುವುದು ಸುಲಭ. ಆದರೆ ಆ ಹೆಜ್ಜೆ ಮೊದಲಿನಿಂದ ಕೊನೆಯವರೆಗೆ ಒಂದೇ ಹದದಲ್ಲಿ ಬೀಳಬೇಕು. ಮರದ ತುಂಡು ಬಡಿದು ನೋಡಿದೆವು, ಬಾಗಿಲು ಬಡಿದ ಹಾಗೆ ಕೇಳಿತು. ಕೊನೆಗೆ ನಮ್ಮ ಮನೆಯ ಅಡುಗೆಗೆ ಒಡೆದ ತೆಂಗಿನಕಾಯಿಯ ಎರಡು ಚಿಪ್ಪನ್ನು ಅಕ್ಕನ ಮಗ ಉಜ್ಜಿ ನುಣುಪು ಮಾಡಿ ತಂದ. ಒಂದಕ್ಕೆ ಒಂದು ಬಡಿದರೆ ಪೊಳ್ಳು ಸದ್ದು. ಟಕ್-ಟಕಾ, ಟಕ್-ಟಕಾ. ಕಣ್ಣ ಮುಂದೆ ಟಾಂಗಾ ಬಂತು. ನರ್ಸ್ ಹುಡುಗಿ ನಗುತ್ತಾ ಹಾಡು ಶುರು ಮಾಡಿಯೇಬಿಟ್ಟಳು.

ಡಿಸೆಂಬರ್ 24, ಮಂಗಳವಾರ. ಒಂದು ಕಾಲೇಜಿನ ಸಭಾಂಗಣ. ತಲಾ 4,000 ರೂಪಾಯಿ ಹಾಕಿಕೊಂಡಿದ್ದೆವು. ಬ್ಯಾಂಡಿನ ಅಣ್ಣನ ಹತ್ತಿರ ಮಾತ್ರ ತೆಗೆದುಕೊಳ್ಳಲಿಲ್ಲ. ಒಂದು ದಿನದ ಮದುವೆ ಬಿಟ್ಟು ಬಂದಿದ್ದರು. ಬಾಡಿಗೆಗೆ ತಂದ ಸೌಂಡ್ ಸಿಸ್ಟಮ್ ಸಂಜೆ ನಾಲ್ಕಕ್ಕೆ ಬರಬೇಕಿತ್ತು, ಆರಕ್ಕೆ ಬಂತು. ವಯೊಲಿನ್ ಹುಡುಗಿಯರಿಗೆ ತಮ್ಮದೇ ಸ್ವರ ಕೇಳದ ಹಾಗೆ ಮಾನಿಟರ್ ಸ್ಪೀಕರ್ ಕೈಕೊಟ್ಟಿತು. ಮೊದಲ ಎರಡು ಹಾಡು ಬಿಗಿಯಾಗಿಯೇ ಹೋದವು. ಚಳಿಗೆ ಬೆರಳು ಸೆಟೆದಿದ್ದವು.

ಹಾಲ್ ತುಂಬಿರಲಿಲ್ಲ. ಮುಕ್ಕಾಲು ಪಾಲು ಇತ್ತು. ಶೇರ್ವಾನಿಯವರು, ಧೋತರದವರು, ಬುರ್ಖಾದಲ್ಲಿ ಬಂದ ತಾಯಂದಿರು, ಅಜ್ಜನನ್ನು ಕೈಹಿಡಿದು ಕರೆತಂದ ಮೊಮ್ಮಕ್ಕಳು. ಕನ್ನಡ ಹಾಡು ಶುರುವಾದಾಗ ಸಭೆಯಲ್ಲಿ ಒಂದು ಗುಜುಗುಜು ಎದ್ದು, ತಾನೇ ತಣ್ಣಗಾಯಿತು. ಮುಗಿದ ಮೇಲೆ ಮುಂದಿನ ಸಾಲಿನ ಅಜ್ಜಿಯೊಬ್ಬರು ಗಟ್ಟಿಯಾಗಿ ಕೇಳಿದರು, "ಇದು ಖರೇನೇ ರಫೀದೇನ್ರಿ?" ಚಾಚಾ ಮೈಕಿನಲ್ಲಿ, "ಹೌದವ್ವ, ಖರೇ. ನಮ್ಮ ಕನ್ನಡದಾಗೂ ಹಾಡ್ಯಾರ" ಅಂದರು. ಅದೇ ಹಾಡು ಇನ್ನೊಮ್ಮೆ ಅಂತ ಕೇಳಿದರು. ಇನ್ನೊಮ್ಮೆ ಹಾಡಿದೆವು.

'ಹೈ ದುನಿಯಾ ಉಸೀ ಕೀ' ಬಂತು. ಆ ಹಾಡು ಚಾಚಾರದು. ಬ್ಯಾಂಡಿನ ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದರು. ಸ್ಯಾಕ್ಸೊಫೋನ್ ಮೊದಲ ಸ್ವರ ಹಿಡಿದ ಕೂಡಲೇ ನನ್ನ ತೋಳಿನ ಕೂದಲು ನಿಂತವು. ಎರಡನೇ ಚರಣಕ್ಕೆ ಮೊದಲು ಚಾಚಾ ಮೈಕಿನಿಂದ ಮುಖ ಆಚೆ ತಿರುಗಿಸಿದರು. ಗಂಟಲು ಹಿಡಿದಿತ್ತು. ನಾನು ತಬಲಾ ಅಣ್ಣನ ಕಡೆ ನೋಡುವುದರೊಳಗೆ ಅವರು ಇನ್ನೊಂದು ಸುತ್ತು ಶುರು ಮಾಡಿ ಆಗಿತ್ತು. ಗಿಟಾರ್ ಸೇರಿಕೊಂಡಿತು. ಸ್ಯಾಕ್ಸೊಫೋನ್ ತನ್ನ ಕೊನೆಯ ಸ್ವರವನ್ನೇ ಹಿಡಿದು ನಿಂತಿತು. ಚಾಚಾ ನೀರು ಕುಡಿದರು. ಆತುರ ಮಾಡಲಿಲ್ಲ. ಬಾಟಲಿಯ ಮುಚ್ಚಳ ಕೂಡ ತಿರುಗಿಸಿ ಹಾಕಿದರು. ಆಮೇಲೆ ಮೈಕಿಗೆ ಬಂದು ಎರಡನೇ ಚರಣ ಹಾಡಿದರು. ಸಭೆಯಲ್ಲಿ ಬಹಳ ಜನಕ್ಕೆ ಏನೂ ಗೊತ್ತಾಗಲಿಲ್ಲ. ಒಂಬತ್ತು ಕುರ್ಚಿಯಲ್ಲಿ ಕೂತವರಿಗೆ ಗೊತ್ತು.

ಕಾರ್ಯಕ್ರಮ ಮುಗಿದು ವೈರ್ ಸುತ್ತುತ್ತಿದ್ದಾಗ ಒಬ್ಬ ಮುದುಕರು ಕೋಲೂರಿಕೊಂಡು ವೇದಿಕೆ ಹತ್ತಿರ ಬಂದರು. ಹಾಡಿದವರ ಹತ್ತಿರ ಹೋಗಲಿಲ್ಲ. ತೆಂಗಿನ ಚಿಪ್ಪು ಬಡಿದ ಹುಡುಗನನ್ನು ಕರೆದು, ಚಿಪ್ಪು ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು.

"ಚೊಲೋ ಆತವ್ವ. ಆದ್ರ ಟಾಂಗಾದ ಹಾಡಿನ್ಯಾಗ ಎರಡನೇ ಸರ್ತಿ ಮ್ಯೂಜಿಕ್ ಬರ್ತದಲ್ಲ, ಅಲ್ಲಿ ಒಂದು ಸುತ್ತು ಕಮ್ಮಿ ಆತು. ಕುದುರಿ ಲಗೂನೇ ಹೊಳ್ಳಿಬಿಡ್ತು."

ನಾನು ಇಲ್ಲ ಅಂದೆ. ಐದು ತಿಂಗಳು ಎಣಿಸಿ ಎಣಿಸಿ ಬರೆದಿದ್ದೇನೆ ಅಂದೆ. ಅವರು ವಾದ ಮಾಡಲಿಲ್ಲ. "ಇಪ್ಪತ್ತು ವರ್ಷ ಟಾಂಗಾ ಹೊಡದೀನಿ ನಾ, ಸ್ಟೇಷನ್ನಿಂದ ದರ್ಗಾದ ತನಕ. ಇದೇ ಹಾಡು ಹಾಡ್ಕೋತ ಹೊಡದೀನಿ. ನೋಡವ್ವ ಒಮ್ಮೆ" ಅಂತ ಹೇಳಿ ಚಿಪ್ಪು ವಾಪಸ್ ಕೊಟ್ಟರು.

ರಾತ್ರಿ ಹನ್ನೊಂದೂವರೆಗೆ ಮನೆಗೆ ಬಂದು, ಸೀರೆಯನ್ನೂ ಬದಲಿಸದೆ, ಇಯರ್‌ಫೋನ್ ಹಾಕಿಕೊಂಡು ಕೂತೆ. ನೋಟ್‌ಬುಕ್ ತೆರೆದು ಬೆರಳಿಟ್ಟು ಎಣಿಸಿದೆ. ಅವರು ಹೇಳಿದ್ದು ಸರಿ. ಮೂಲದಲ್ಲಿ ಇರುವ ಒಂದು ಸಾಲು ನನ್ನ ಹಾಳೆಯಲ್ಲಿ ಇರಲಿಲ್ಲ. ಪುಟ ತಿರುಗಿಸಿ ಬರೆಯುವಾಗ ಎಂಟು ಚೌಕ ಬಿಟ್ಟುಹೋಗಿತ್ತು. ಸೆಪ್ಟೆಂಬರಿನಿಂದ ನಾವು ಹನ್ನೆರಡು ಜನ ಆ ತಪ್ಪನ್ನೇ ಕಲಿತು ಪಕ್ಕಾ ಮಾಡಿಕೊಂಡಿದ್ದೆವು. ಟ್ರ್ಯಾಕ್ ಬೇಡ ಅನ್ನುವ ಹಠದಲ್ಲಿ ಮೂಲ ಹಾಡನ್ನು ಮತ್ತೆ ಕೇಳುವುದನ್ನೇ ಬಿಟ್ಟಿದ್ದೆವು. ಆ ಹಾಡು ಪೂರ್ತಿಯಾಗಿ ಉಳಿದಿದ್ದು ಒಬ್ಬ ಟಾಂಗಾವಾಲಾನ ಕಿವಿಯಲ್ಲಿ.

ಹೊಸ ವರ್ಷದ ಮೊದಲ ಭಾನುವಾರ ಎಲ್ಲರೂ ಮತ್ತೆ ಅದೇ ಮಹಡಿಯಲ್ಲಿ ಕೂಡಿದೆವು. ಚಾಚಾ ಆ ಮುದುಕರ ಮನೆ ಹುಡುಕಿ, ಆಟೋದಲ್ಲಿ ಕೂರಿಸಿಕೊಂಡು ಬಂದಿದ್ದರು. ಹತ್ತನೇ ಕುರ್ಚಿ ಹಾಕಿದೆವು. ನಾನು ಎಲ್ಲರ ಹಾಳೆಯಲ್ಲೂ ಅಂಚಿನಲ್ಲಿ ಎಂಟು ಚೌಕ ಎಳೆದು ಕೊಟ್ಟೆ. ಹುಡುಗ ಚಿಪ್ಪು ಹಿಡಿದ. ಮೊದಲ ಚರಣ ಆಯಿತು. ಎರಡನೇ ಸಲ ಸಂಗೀತ ಬಂತು. ಆ ಸಾಲು ಹತ್ತಿರ ಬಂದಾಗ ಎಲ್ಲರೂ ಹಾಳೆ ಬಿಟ್ಟು ಅವರ ಮುಖ ನೋಡುತ್ತಿದ್ದೆವು. ಅವರು ನಮ್ಮ ಕಡೆ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಎಡಗೈಯನ್ನು ಲಗಾಮು ಹಿಡಿದ ಹಾಗೆ ಮುಂದೆ ಚಾಚಿ, ಎಂಟೂ ಹೆಜ್ಜೆ ಬೀಳುವವರೆಗೆ ಬಿಗಿಯಾಗಿ ಹಿಡಿದಿದ್ದರು. ಆಮೇಲೆ ಮಣಿಕಟ್ಟು ಸ್ವಲ್ಪ ಸಡಿಲ ಬಿಟ್ಟು ಬಲಕ್ಕೆ ತಿರುಗಿಸಿದರು.